ಉಭಯಚರ ರೋಬೋಟ್‌ನಿಂದ ಕಡಲಂಚಿನ ಸರ್ವೆ: ಮಾಡಬೇಕಾದ್ದು, ಮಾಡಬಾರದ್ದು

ಕರ್ನಾಟಕದ ಕರಾವಳಿಯಲ್ಲಿ ಮರಳುದಂಡೆಯನ್ನೂ ಆಳ ಕಡಿಮೆಯಿರುವ ಕಡಲನ್ನೂ ಉಭಯಚರ ರೋಬೋಟ್‌ನಿಂದ ಅಳೆಯುವ ಎಲ್ಲರಿಗೂ ಈ ಸೂಚನೆ. ಸರ್ವೆ ತಂಡ, ಗುತ್ತಿಗೆದಾರರು, ವಿದ್ಯಾರ್ಥಿಗಳು, ಸಹಾಯಕ್ಕೆ ಬಂದ ಊರವರು, ಯಾರಿಗೂ ವಿನಾಯಿತಿ ಇಲ್ಲ.

ಅಲೆ ಒಡೆಯುವ ಪಟ್ಟಿಯಲ್ಲಿ ಸರ್ವೆ ದೋಣಿ ಮಗುಚುತ್ತದೆ. ನೊರೆಯ ಗುಳ್ಳೆಗಳಲ್ಲಿ ಎಕೋ ಸೌಂಡರ್‌ನ ಸದ್ದು ಚದುರಿಹೋಗುತ್ತದೆ. ಕದಡಿದ ನೀರಿನ ತಳ ವಿಮಾನದ ಲೇಸರ್‌ಗೆ ಸಿಗುವುದಿಲ್ಲ. ಅಳತೆಕೋಲು ಹಿಡಿದು ಇಳಿದವರನ್ನು ಸೆಳೆತ ಎಳೆದೊಯ್ಯುತ್ತದೆ. ಅಮೆರಿಕದ ನಾರ್ತ್ ಕೆರೊಲಿನಾದ ಡಕ್ ಎಂಬಲ್ಲಿ ಸೇನೆಯ ಎಂಜಿನಿಯರ್‌ಗಳು ಇದೇ ಕೆಲಸಕ್ಕೆ ಸುಮಾರು 10 ಮೀಟರ್ ಎತ್ತರದ, ಮೂರು ಗಾಲಿಯ ‘ಕ್ರ್ಯಾಬ್’ ವಾಹನವನ್ನು 1980ರ ದಶಕದಲ್ಲೇ ಓಡಿಸುತ್ತಿದ್ದರು. ಅದರ ಮೇಲೆ ಚಾಲಕ ಕೂರಬೇಕಿತ್ತು. ಗಾಲಿಯ ಬದಲು ಚೈನ್ ಪಟ್ಟಿ ಇರುವ ಈಗಿನ ರೋಬೋಟ್ ಒಬ್ಬಂಟಿಯಾಗಿ ತಳದ ಮೇಲೆ ನಡೆಯುತ್ತದೆ. ಮನುಷ್ಯರನ್ನು ಆ ನೀರಿನಿಂದ ದೂರ ಇಡುವುದೇ ಅದರ ಮೊದಲ ಉಪಯೋಗ.

ಎಲ್ಲಕ್ಕಿಂತ ಮೇಲಿನ ನಿಯಮ ಒಂದೇ: ಯಂತ್ರ ಉಳಿಸಲು ಯಾರೂ ನೀರಿಗೆ ಇಳಿಯಬಾರದು.

1. ದಿನ ಗೊತ್ತುಮಾಡುವಾಗ

ಮಾಡಬೇಕಾದ್ದು

- ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಕೊಡುವ ಅಲೆಗಳ ಎಚ್ಚರಿಕೆಯನ್ನು ಹಿಂದಿನ ಸಂಜೆ ಓದಿ.
- ಬೆಳಿಗ್ಗೆ ಹೊರಡುವ ಮುನ್ನ ಅದನ್ನೇ ಮತ್ತೆ ಓದಿ.
- ಹವಾಮಾನ ಇಲಾಖೆಯ ಗಾಳಿ ಮತ್ತು ಗುಡುಗಿನ ಮುನ್ಸೂಚನೆ ನೋಡಿ.
- ಹತ್ತಿರದ ಬಂದರಿನ ಉಬ್ಬರ-ಇಳಿತದ ಪಟ್ಟಿಯನ್ನೇ ಬಳಸಿ. ನಮ್ಮಲ್ಲಿ ದಿನದ ಎರಡು ಉಬ್ಬರ ಸಮನಲ್ಲ, ಎರಡು ಇಳಿತವೂ ಸಮನಲ್ಲ.
- ತಳದ ಮೇಲಿನ ಓಟವನ್ನು ಇಳಿತದ ಹೊತ್ತಿಗೆ ಇಟ್ಟುಕೊಳ್ಳಿ.
- ಆ ತಡಿಯ ಮೀನುಗಾರ ಮುಖಂಡರನ್ನು ಭೇಟಿಯಾಗಿ ಬಲೆ ಎಲ್ಲಿದೆ, ದಿಬ್ಬ ಎಲ್ಲಿಗೆ ಸರಿದಿದೆ, ಸೆಳೆತ ಎಲ್ಲಿದೆ ಎಂದು ಕೇಳಿ.
- ಅವರು ಬೇಡವೆಂದ ಜಾಗವನ್ನು ನಕ್ಷೆಯಲ್ಲಿ ಕೆಂಪು ಮಾಡಿ.
- ಕರಾವಳಿ ಕಾವಲು ಪೊಲೀಸರಿಗೂ ಗ್ರಾಮ ಪಂಚಾಯಿತಿಗೂ ಬರಹದಲ್ಲಿ ತಿಳಿಸಿ.
- ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ಒಪ್ಪಿಗೆ ಬೇಕೇ ಎಂದು ಜಿಲ್ಲಾಡಳಿತವನ್ನು ಕೇಳಿ, ಉತ್ತರ ಕೈಸೇರಿದ ಮೇಲೆ ಹೊರಡಿ.
- ಕೆಲಸ ನಿಲ್ಲಿಸುವ ಅಧಿಕಾರವನ್ನು ಒಬ್ಬರಿಗೆ ಕೊಡಿ. ಅವರು ‘ನಿಲ್ಲಿಸಿ’ ಎಂದರೆ ತಕ್ಷಣ ನಿಲ್ಲಿಸಿ.

ಮಾಡಬಾರದ್ದು

- ಮುಂಗಾರಿನ ಅಬ್ಬರದಲ್ಲಿ ಯಂತ್ರ ಇಳಿಸುವುದು ಬೇಡ. ಯಾಂತ್ರೀಕೃತ ದೋಣಿಗಳೇ ಜೂನ್ 1ರಿಂದ ಜುಲೈ 31ರವರೆಗೆ ದಡದಲ್ಲಿರುತ್ತವೆ.
- ‘ಕಳ್ಳಕ್ಕಡಲ್’ ಎಚ್ಚರಿಕೆ ಇರುವ ದಿನ ಕೆಲಸ ಬೇಡ. ಇಲ್ಲಿ ಆಕಾಶ ತಿಳಿಯಾಗಿರುವಾಗಲೇ ದೂರದ ದಕ್ಷಿಣ ಸಾಗರದಲ್ಲಿ ಎದ್ದ ಅಲೆ ಬಂದು ದಂಡೆ ಮುಳುಗಿಸುತ್ತದೆ.
- ಕಾರವಾರದ ನೌಕಾನೆಲೆಯ ಸುತ್ತಲಾಗಲಿ, ಪಣಂಬೂರಿನ ಬಂದರು ಮಿತಿಯೊಳಗಾಗಲಿ ಲಿಖಿತ ಅನುಮತಿ ಇಲ್ಲದೆ ಸರ್ವೆ ಮಾಡಬಾರದು.
- ಗಡುವು ಬಂತೆಂದು ಎಚ್ಚರಿಕೆಯನ್ನು ಮೀರಬಾರದು.
- ಮೂವರಿಗಿಂತ ಕಡಿಮೆ ಜನರ ತಂಡ ಬೇಡ. ಒಬ್ಬರು ಓಡಿಸಲು, ಒಬ್ಬರು ಕಡಲು ನೋಡಲು, ಒಬ್ಬರು ಜನರನ್ನು ತಡೆಯಲು.
- ಕಡಲು ನೋಡುವವರ ಕೈಗೆ ಬೇರೆ ಕೆಲಸ ಕೊಡಬಾರದು.

2. ಮರಳಿನ ಮೇಲೆ

ಆಲಿವ್ ರಿಡ್ಲೆ ಕಡಲಾಮೆಗಳು ನಮ್ಮ ತಡಿಯಲ್ಲಿ, ವಿಶೇಷವಾಗಿ ಉತ್ತರ ಕನ್ನಡದಲ್ಲಿ, ಚಳಿಗಾಲದಿಂದ ಬೇಸಿಗೆಯ ಆರಂಭದವರೆಗೆ ಮೊಟ್ಟೆಯಿಡುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ ಇದು. ಗೂಡಿನ ಮೇಲೆ ಯಂತ್ರದ ಚೈನ್ ಹರಿದರೆ ಗೂಡು ನಾಶ, ತಂಡದ ಮೇಲೆ ಮೊಕದ್ದಮೆ.

ಮಾಡಬೇಕಾದ್ದು

- ಬೆಳಕು ಹರಿದ ಕೂಡಲೇ ಸರ್ವೆ ಗೆರೆಗಳ ಉದ್ದಕ್ಕೂ ನಡೆದು ನೋಡಿ.
- ಆಮೆ ತೆವಳಿದ ಜಾಡು ಕಂಡರೆ ಅಲ್ಲೇ ನಿಲ್ಲಿ.
- ಅರಣ್ಯ ಇಲಾಖೆಗೆ ಫೋನ್ ಮಾಡಿ, ಅವರು ಬರುವವರೆಗೆ ಜಾಗ ಕಾಯಿರಿ.
- ಆ ಗೆರೆಯನ್ನು ಅಂದಿನ ಪಟ್ಟಿಯಿಂದ ತೆಗೆದುಹಾಕಿ.
- ಟ್ರೇಲರ್‌ನಿಂದ ನೀರಿನವರೆಗೆ ಒಂದೇ ದಾರಿ ಗುರುತಿಸಿ, ಹೋಗುವಾಗಲೂ ಬರುವಾಗಲೂ ಅದನ್ನೇ ಬಳಸಿ.
- ಯಂತ್ರದ ಸುತ್ತ ಹಗ್ಗ ಕಟ್ಟಿ ಜನರನ್ನು ಹೊರಗಿಡಿ.
- ಕೈರಂಪಣಿ ಎಳೆಯುತ್ತಿದ್ದರೆ ಬಲೆ ಪೂರ್ತಿ ದಡಕ್ಕೆ ಬರುವವರೆಗೆ ಕಾಯಿರಿ.
- ಚೈನ್ ಹರಿದ ಆಳವಾದ ಗುರುತುಗಳನ್ನು ಹೊರಡುವ ಮುನ್ನ ಮುಚ್ಚಿ.

ಮಾಡಬಾರದ್ದು

- ಮರಳುದಿಬ್ಬದ ಮೇಲೆ ಯಂತ್ರ ಹತ್ತಿಸಬಾರದು.
- ದಿಬ್ಬ ಹಿಡಿದಿಟ್ಟ ಅಡುಂಬು ಬಳ್ಳಿಯನ್ನು ತುಳಿಯುವುದು, ಕೀಳುವುದು ಬೇಡ.
- ಕಾಂಡ್ಲಾ ಗಿಡಗಳ ನಡುವೆ ದಾರಿ ಮಾಡಬಾರದು.
- ರಾತ್ರಿ ಸರ್ವೆ ಬೇಡ. ಆಮೆಮರಿಗಳು ನಿಮ್ಮ ದೀಪದತ್ತ ತಿರುಗಿ ಕಡಲು ಸೇರದೆ ಸಾಯುತ್ತವೆ.
- ಆಮೆಯ ಮೊಟ್ಟೆ ಮುಟ್ಟಬಾರದು, ಸ್ಥಳಾಂತರಿಸಬಾರದು.
- ಒಣಗಲು ಹಾಕಿದ ಮೀನಿನ, ಹರಡಿದ ಬಲೆಯ ಹತ್ತಿರ ಯಂತ್ರ ಬೇಡ.
- ಮಕ್ಕಳನ್ನು ಯಂತ್ರದ ಮೇಲೆ ಕೂರಿಸಬಾರದು. ಚೈನ್‌ಗೆ ಸಿಕ್ಕ ಕಾಲು ಉಳಿಯುವುದಿಲ್ಲ.
- ಕಲ್ಲಿನ ತಡೆಗೋಡೆಯ ಮೇಲೆ ಯಂತ್ರ ಹತ್ತಿಸುವ ಪ್ರಯತ್ನ ಬೇಡ.

3. ನೀರಿಗೆ ಬಿಡುವ ಮುನ್ನ

ಮಾಡಬೇಕಾದ್ದು

- ಪ್ರತಿ ಮುಚ್ಚಳದ ಓ-ರಿಂಗ್ ತೆಗೆದು ಒರೆಸಿ, ಮರಳಿನ ಕಣ ಉಳಿದಿಲ್ಲವೆಂದು ಬೆರಳಿನಿಂದ ನೋಡಿ.
- ಸೀಳಿದ್ದರೆ ಹೊಸದು ಹಾಕಿ.
- ತಯಾರಕರು ಹೇಳಿದ ಒತ್ತಡ ಪರೀಕ್ಷೆ ಮುಗಿಸಿ, ಫಲಿತಾಂಶ ಪುಸ್ತಕದಲ್ಲಿ ಬರೆಯಿರಿ.
- ತುರ್ತು ನಿಲುಗಡೆ ಗುಂಡಿಯನ್ನು ಒಣ ಮರಳಿನ ಮೇಲೆ ಒತ್ತಿ ನೋಡಿ.
- ರಿಮೋಟ್ ಆಫ್ ಮಾಡಿ, ಸಂಪರ್ಕ ಕಡಿದಾಗ ಯಂತ್ರ ಏನು ಮಾಡುತ್ತದೆಂದು ಕಣ್ಣಾರೆ ನೋಡಿ.
- ಯಂತ್ರದ ಮೇಲಿನ ಆಂಟೆನಾ ಕಂಬದ ತುದಿಗೆ ಕಿತ್ತಳೆ ಬಣ್ಣದ ಬಾವುಟ ಮತ್ತು ಮಿನುಗುದೀಪ ಕಟ್ಟಿ.
- ಚೈನ್‌ನ ಅಡಿಯಿಂದ ಆಂಟೆನಾವರೆಗಿನ ಎತ್ತರವನ್ನು ಇಬ್ಬರು ಬೇರೆ ಬೇರೆಯಾಗಿ ಅಳೆಯಿರಿ. ಎರಡೂ ಹೊಂದದಿದ್ದರೆ ಮತ್ತೆ ಅಳೆಯಿರಿ.
- ಕಂಬದ ಎತ್ತರದಿಂದ ಅಂದಿನ ಅಲೆಯ ಎತ್ತರ ಕಳೆಯಿರಿ, ಇನ್ನೊಂದು ಮೀಟರ್ ಕಳೆಯಿರಿ. ಉಳಿದದ್ದೇ ಅಂದಿನ ಆಳದ ಮಿತಿ.
- ಎಳೆಹಗ್ಗವನ್ನು ದಡದಲ್ಲಿ ಗಟ್ಟಿ ಗೂಟಕ್ಕೆ ಕಟ್ಟಿ.

ಮಾಡಬಾರದ್ದು

- ‘ನಿನ್ನೆ ಸರಿಯಿತ್ತು’ ಎಂದು ಪರೀಕ್ಷೆ ಬಿಡಬಾರದು.
- ಗೋಂದು, ಟೇಪು ಸುತ್ತಿದ ಸೀಲ್‌ನೊಂದಿಗೆ ನೀರಿಗೆ ಬಿಡುವುದು ಬೇಡ.
- ಎಳೆಹಗ್ಗವನ್ನು ಯಾರೂ ಸೊಂಟಕ್ಕೆ, ಕೈಗೆ ಸುತ್ತಿಕೊಳ್ಳಬಾರದು.
- ಹಗ್ಗದ ಸುರುಳಿಯೊಳಗೆ ಕಾಲಿಡುವುದು ಬೇಡ.
- ಆಂಟೆನಾ ನೀರಿನಲ್ಲಿ ಮುಳುಗುವ ಆಳಕ್ಕೆ ಯಂತ್ರ ಕಳಿಸಬಾರದು. ಉಪಗ್ರಹದ ಸಂಕೇತವೂ ರೇಡಿಯೊ ಸಂಕೇತವೂ ಉಪ್ಪುನೀರನ್ನು ದಾಟುವುದಿಲ್ಲ.
- ಗುಡುಗು ಕೇಳಿದ ಮೇಲೆ ಕಂಬ ಎತ್ತಬಾರದು. ಬಯಲು ದಂಡೆಯಲ್ಲಿ ಸಿಡಿಲು ಎತ್ತರದ್ದನ್ನೇ ಹುಡುಕುತ್ತದೆ.
- ಕೊನೆಯ ಗುಡುಗಿನ ನಂತರ 30 ನಿಮಿಷ ಕಳೆಯುವ ಮುನ್ನ ದಂಡೆಗೆ ಮರಳುವುದು ಬೇಡ.

4. ಅಲೆ ಒಡೆಯುವ ಪಟ್ಟಿಯಲ್ಲಿ

ಒಂದು ಮೀಟರ್ ಎತ್ತರದ ಅಲೆ ಸುಮಾರು 1.3 ಮೀಟರ್ ಆಳಕ್ಕೆ ಬಂದಾಗ ಒಡೆಯುತ್ತದೆ. ಯಂತ್ರ ಮಗುಚುವ ಜಾಗ ಅದೇ.

ಮಾಡಬೇಕಾದ್ದು

- ಇಳಿಸುವ ಮುನ್ನ ಹದಿನೈದು ನಿಮಿಷ ಅಲೆಗಳನ್ನು ಸುಮ್ಮನೆ ನಿಂತು ನೋಡಿ.
- ದೊಡ್ಡ ಅಲೆಗಳ ಸರಣಿ ಮುಗಿದ ಬಿಡುವಿನಲ್ಲಿ ಯಂತ್ರ ಬಿಡಿ.
- ಅಲೆಗೆ ನೇರವಾಗಿ ಮುಖ ಕೊಟ್ಟು ಹೋಗಿ, ನೇರವಾಗಿಯೇ ಮರಳಿ.
- ಒಡೆಯುವ ಪಟ್ಟಿಯನ್ನು ನಿಲ್ಲದೆ ದಾಟಿ.
- ತಿರುವನ್ನು ಅಲೆ ಒಡೆಯುವ ಗೆರೆಯಾಚೆ ತೆಗೆದುಕೊಳ್ಳಿ.
- ಓರೆಯ ಕೋನ ತಯಾರಕರ ಮಿತಿ ತಲುಪಿದರೆ ಆ ಗೆರೆ ಬಿಟ್ಟು ವಾಪಸ್ ಕರೆಸಿ.
- ಸ್ನಾನಕ್ಕಿಳಿದವರು ನೀರಿನಿಂದ ಹೊರಬಂದ ಮೇಲೆ ಕೆಲಸ ಶುರುಮಾಡಿ.
- ದಡದ ಎಲ್ಲರೂ ಲೈಫ್ ಜಾಕೆಟ್ ತೊಡಿ, ಬಕಲ್ ಹಾಕಿ.

ಮಾಡಬಾರದ್ದು

- ಅಲೆಗೆ ಮಗ್ಗುಲು ಕೊಟ್ಟು ಓಡಿಸಬಾರದು.
- ನೊರೆಯಲ್ಲಿ ಯಂತ್ರ ನಿಲ್ಲಿಸುವುದು ಬೇಡ. ಒಂದೊಂದು ಅಲೆಯೂ ಚೈನ್‌ನ ಅಡಿಯ ಮರಳು ಕೊರೆದು ಯಂತ್ರವನ್ನು ಹೂಳುತ್ತದೆ.
- ಬಿಗಿಯಾದ ಎಳೆಹಗ್ಗದ ನೇರದಲ್ಲಿ ನಿಲ್ಲಬಾರದು. ಕಡಿದ ಹಗ್ಗ ಮೂಳೆ ಮುರಿಯುತ್ತದೆ.
- ಮೊಣಕಾಲು ಮೀರಿದ ನೀರಿಗೆ ತಂಡದವರು ಇಳಿಯುವುದು ಬೇಡ.
- ಕಡಲಿಗೆ ಬೆನ್ನು ಹಾಕಿ ನಿಲ್ಲಬಾರದು.
- ಯಂತ್ರದ ದಡದ ಬದಿಯಲ್ಲಿ ನಿಲ್ಲಬಾರದು. ಅಲೆ ತಳ್ಳಿದ ಯಂತ್ರ ನಿಮ್ಮ ಮೇಲೇ ಉರುಳುತ್ತದೆ. ಕಡಲ ಬದಿಯಲ್ಲಿ ನಿಲ್ಲುವುದೂ ಬೇಡ, ದೂರ ಸರಿಯಿರಿ.
- ಪ್ರವಾಸಿಗರಿಗೆ ತೋರಿಸಲೆಂದು ಯಂತ್ರ ಓಡಿಸಬಾರದು.

5. ಅಳಿವೆಯಲ್ಲಿ

ನೇತ್ರಾವತಿ, ಶರಾವತಿ, ಗಂಗೊಳ್ಳಿಯಂಥ ಅಳಿವೆಗಳಲ್ಲಿ ಇಳಿತದ ಸೆಳೆತಕ್ಕೆ ಹೊಳೆಯ ಹರಿವೂ ಸೇರುತ್ತದೆ. ಹೊರಹೋಗುವ ನೀರು ಒಳಬರುವ ಅಲೆಗೆ ಡಿಕ್ಕಿ ಹೊಡೆದಾಗ ಅಲೆ ಕಡಿದಾಗಿ ಏಳುತ್ತದೆ. ಅನುಭವಿ ಮೀನುಗಾರರ ದೋಣಿಗಳೂ ಇಲ್ಲೇ ಮಗುಚಿವೆ.

ಮಾಡಬೇಕಾದ್ದು

- ನೀರು ತಿರುಗುವ ಮುನ್ನ ಸ್ತಬ್ಧವಾಗುವ ಚಿಕ್ಕ ಅವಧಿಯಲ್ಲೇ ಕೆಲಸ ಮುಗಿಸಿ.
- ದೋಣಿಗಳು ಹೊರಡುವ, ಮರಳುವ ಹೊತ್ತನ್ನು ಧಕ್ಕೆಯಲ್ಲಿ ಕೇಳಿ ಬರೆದುಕೊಳ್ಳಿ.
- ಅಳಿವೆ ಬಾಗಿಲಿನ ಎರಡೂ ದಡದಲ್ಲಿ ನೋಡುವವರನ್ನು ನಿಲ್ಲಿಸಿ.
- ದೋಣಿ ಕಂಡ ಕೂಡಲೇ ಯಂತ್ರವನ್ನು ದಾರಿಯಿಂದ ತೆಗೆಯಿರಿ.
- ಕೆಸರು ಎಷ್ಟು ಆಳವಿದೆಯೆಂದು ಮೊದಲು ದಡದಿಂದ ಉದ್ದ ಕೋಲಿನಲ್ಲಿ ಚುಚ್ಚಿ ನೋಡಿ.
- ಯಂತ್ರ ತೇಲುತ್ತ ಎಕೋ ಸೌಂಡರ್ ಬಳಸುವುದಾದರೆ ನೀರಿನಲ್ಲಿ ಸದ್ದಿನ ವೇಗವನ್ನು ಅಲ್ಲೇ ಅಳೆಯಿರಿ.

ಮಾಡಬಾರದ್ದು

- ದೋಣಿಯ ದಾರಿಗೆ ಅಡ್ಡವಾಗಿ ಎಳೆಹಗ್ಗ ಹಾಕಬಾರದು. ಹಗ್ಗ ಪ್ರೊಪೆಲ್ಲರ್‌ಗೆ ಸುತ್ತಿದರೆ ದೋಣಿ ಅಲೆಗೆ ಸಿಕ್ಕಿ ಮಗುಚುತ್ತದೆ.
- ಇಳಿತದ ಜೋರು ಹರಿವಿನಲ್ಲಿ ಯಂತ್ರ ಬಿಡುವುದು ಬೇಡ.
- ಕಡಲ ನೀರಿನ ಸದ್ದಿನ ವೇಗವನ್ನು ಅಳಿವೆಯ ಸಿಹಿನೀರಿಗೆ ಹಾಕಬಾರದು. ಐದು ಮೀಟರ್ ಆಳದಲ್ಲಿ ಹತ್ತು ಸೆಂಟಿಮೀಟರ್‌ಗೂ ಹೆಚ್ಚು ತಪ್ಪು ಬರುತ್ತದೆ.
- ಪಚ್ಚಿಲೆ, ಚಿಪ್ಪು ಆಯುವ ಜಾಗದ ಮೇಲೆ ಚೈನ್ ಓಡಿಸಬಾರದು. ಅದು ಹೆಂಗಸರ ದಿನದ ದುಡಿಮೆ.
- ಕಂತಬಲೆ, ಬೀಡುಬಲೆ ಕತ್ತರಿಸುವುದು ಬೇಡ. ಯಂತ್ರಕ್ಕೆ ಸಿಕ್ಕಿದರೆ ಬಲೆಯವರನ್ನು ಕರೆಸಿ, ಹಾನಿ ತುಂಬಿಕೊಡಿ.

6. ಯಂತ್ರ ಸಿಕ್ಕಿಕೊಂಡರೆ, ಮಗುಚಿದರೆ, ಕಾಣದಾದರೆ

ಜನ ಸಾಯುವುದು ಈ ಹಂತದಲ್ಲಿ. ಅಲೆಗಳ ಹಿಮ್ಮುಖ ಸೆಳೆತ ಸೆಕೆಂಡಿಗೆ ಎರಡು ಮೀಟರ್ ವೇಗ ಮುಟ್ಟಬಲ್ಲದು. ಆ ವೇಗದ ಎದುರು ಒಲಿಂಪಿಕ್ ಈಜುಗಾರನೂ ದಡ ಸೇರಲಾರ.

ಮಾಡಬೇಕಾದ್ದು

- ಎಲ್ಲರೂ ಹಿಂದೆ ಸರಿಯಿರಿ, ತಲೆ ಎಣಿಸಿ.
- ಮೋಟಾರ್ ನಿಲ್ಲಿಸಿ.
- ಕೊನೆಯದಾಗಿ ಕಂಡ ಜಾಗ, ಸಮಯ ಬರೆಯಿರಿ.
- ಎಳೆಹಗ್ಗವಿದ್ದರೆ ದಡದ ವಿಂಚ್‌ನಿಂದ ನಿಧಾನವಾಗಿ ಎಳೆಯಿರಿ.
- ವಿಂಚ್‌ಗೆ ಬಾರದಿದ್ದರೆ ಬಿಟ್ಟು, ಮುಂದಿನ ಇಳಿತಕ್ಕೆ ಕಾಯಿರಿ.
- ಮಗುಚಿದ ಯಂತ್ರದ ಜಾಗವನ್ನು ಮೀನುಗಾರರಿಗೂ ಕರಾವಳಿ ಕಾವಲು ಪೊಲೀಸರಿಗೂ ತಕ್ಷಣ ತಿಳಿಸಿ.
- ಯಾರಾದರೂ ನೀರಿಗೆ ಬಿದ್ದರೆ ರಿಂಗ್ ಬಾಯ್ ಎಸೆಯಿರಿ, ಹಗ್ಗ ಎಸೆಯಿರಿ, ಸಹಾಯಕ್ಕೆ ಕೂಗಿ.
- ಸೆಳೆತಕ್ಕೆ ಸಿಕ್ಕವರು ತೇಲುತ್ತಿರಿ, ತಡಿಗೆ ಸಮಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ಸಡಿಲಿದ ಮೇಲೆ ದಡದತ್ತ ತಿರುಗಿ.

ಮಾಡಬಾರದ್ದು

- ಯಂತ್ರ ತರಲು ಈಜಬಾರದು.
- ‘ನನಗೆ ಈಜು ಬರುತ್ತದೆ’ ಎಂದವರನ್ನೂ ಬಿಡಬಾರದು.
- ಹಣ ಕೊಟ್ಟು ಊರ ಹುಡುಗರನ್ನು ನೀರಿಗೆ ಇಳಿಸಬಾರದು.
- ಸೆಳೆತದ ಎದುರು ಈಜುವುದು ಬೇಡ.
- ಮುಳುಗುತ್ತಿರುವವರ ಹಿಂದೆ ಬರಿಗೈಯಲ್ಲಿ ಹಾರುವುದು ಬೇಡ. ಒಂದರ ಬದಲು ಎರಡು ಹೆಣ ಬರುತ್ತವೆ.
- ಯಂತ್ರದ ಬೆಲೆಯ ಮಾತು ಆ ಹೊತ್ತಿಗೆ ಬೇಡ.
- ಕಳೆದ ಯಂತ್ರದ ವೆಚ್ಚವನ್ನು ಓಡಿಸಿದವರ ಸಂಬಳದಿಂದ ಮುರಿಯಬಾರದು. ಮುರಿಯುವುದಾದರೆ ಮುಂದಿನ ಸಲ ಅವರು ನೀರಿಗೆ ಇಳಿಯುತ್ತಾರೆ.

7. ಬ್ಯಾಟರಿ

ಉಪ್ಪುನೀರು ಹೊಕ್ಕ ಲಿಥಿಯಂ ಬ್ಯಾಟರಿ ಆ ಕ್ಷಣಕ್ಕೆ ತಣ್ಣಗಿದ್ದು ಗಂಟೆಗಳ ನಂತರವೂ, ದಿನಗಳ ನಂತರವೂ ಹೊತ್ತಿಕೊಳ್ಳಬಹುದು. ಅದರ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಎಂಬ ವಿಷಾನಿಲವಿರುತ್ತದೆ.

ಮಾಡಬೇಕಾದ್ದು

- ದಡಕ್ಕೆ ಬಂದ ಯಂತ್ರವನ್ನು ಮೊದಲು ಆಫ್ ಮಾಡಿ, ಸಿಹಿನೀರಿನಲ್ಲಿ ತೊಳೆಯಿರಿ, ಒರೆಸಿ, ಆಮೇಲೆ ಮುಚ್ಚಳ ತೆಗೆಯಿರಿ.
- ನೀರು ಹೊಕ್ಕ ಅನುಮಾನವಿದ್ದರೆ ಯಂತ್ರವನ್ನು ಬಯಲಿನಲ್ಲಿ, ಕಟ್ಟಡ ಮತ್ತು ವಾಹನಗಳಿಂದ 15 ಮೀಟರ್ ದೂರ ಇಡಿ.
- ಗಾಳಿ ಬೀಸುವ ದಿಕ್ಕು ನೋಡಿ, ಹೊಗೆ ಬಾರದ ಕಡೆ ನಿಲ್ಲಿ.
- ಉಬ್ಬಿದ, ಬಿಸಿಯಾದ, ಹಿಸ್ ಎನ್ನುವ ಬ್ಯಾಟರಿ ಕಂಡರೆ ದೂರ ಓಡಿ, 112ಕ್ಕೆ ಕರೆ ಮಾಡಿ.

ಮಾಡಬಾರದ್ದು

- ಒದ್ದೆ ಬ್ಯಾಟರಿಯನ್ನು ಚಾರ್ಜಿಗೆ ಹಾಕಬಾರದು.
- ಅದನ್ನು ಜೀಪಿನಲ್ಲಿ, ಲಾಡ್ಜಿನ ಕೋಣೆಯಲ್ಲಿ ಇಡುವುದು ಬೇಡ.
- ಬಿಸಿಲಿನಲ್ಲಿ ಮುಚ್ಚಿದ ವಾಹನದೊಳಗೆ ಯಾವ ಬ್ಯಾಟರಿಯನ್ನೂ ಬಿಡಬಾರದು.
- ರಾತ್ರಿ ಯಾರೂ ಕಾಯದೆ ಚಾರ್ಜ್ ಮಾಡಬಾರದು.
- ಹಾಳಾದ ಬ್ಯಾಟರಿಯನ್ನು ಕಡಲಿಗೆ ಎಸೆಯುವುದು, ಮರಳಿನಲ್ಲಿ ಹೂಳುವುದು ಬೇಡ.

8. ಗುರುತಿಲ್ಲದ ವಸ್ತು ಸಿಕ್ಕರೆ

2025ರ ಮೇ 25ರಂದು ಎಂಎಸ್‌ಸಿ ಎಲ್ಸಾ 3 ಹಡಗು ಕೇರಳದ ಕಡಲಿನಲ್ಲಿ ಮುಳುಗಿತು. ಅದರ ಕಂಟೇನರ್‌ಗಳು, ಪ್ಲಾಸ್ಟಿಕ್ ಹರಳುಗಳು ಕೇರಳದ ತಡಿಗೆ ಬಂದವು. ಹಡಗಿನಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಕೂಡ ಇತ್ತು. ಅದು ನೀರು ತಾಗಿದರೆ ಹೊತ್ತಿ ಉರಿಯುವ ಅಸಿಟಿಲೀನ್ ಅನಿಲ ಬಿಡುತ್ತದೆ. ಇಂಥ ವಸ್ತು ನಮ್ಮ ತಡಿಯಲ್ಲೂ ಸಿಗಬಹುದು.

ಮಾಡಬೇಕಾದ್ದು

- ಯಂತ್ರ ನಿಲ್ಲಿಸಿ, ಬಂದ ಜಾಡಿನಲ್ಲೇ ಹಿಂದಕ್ಕೆ ತನ್ನಿ.
- ಕ್ಯಾಮೆರಾ ಚಿತ್ರ, ಜಾಗ, ಸಮಯ ಉಳಿಸಿ.
- ಜನರನ್ನು ದೂರ ಕಳಿಸಿ, 1093ಕ್ಕೆ ಕರೆ ಮಾಡಿ.

ಮಾಡಬಾರದ್ದು

- ಪೀಪಾಯಿ, ಕಂಟೇನರ್, ತುಕ್ಕು ಹಿಡಿದ ಲೋಹದ ತುಂಡು ಮುಟ್ಟಬಾರದು.
- ಯಂತ್ರದಿಂದ ತಳ್ಳಿ, ಎಳೆದು ನೋಡುವುದು ಬೇಡ.
- ಹತ್ತಿರದಲ್ಲಿ ಬೀಡಿ, ಸಿಗರೇಟು ಬೇಡ.
- ಚಿತ್ರವನ್ನು ವಾಟ್ಸ್ಆ್ಯಪ್‌ನಲ್ಲಿ ಹಂಚಬಾರದು. ಜನ ನೋಡಲು ಬರುತ್ತಾರೆ.

9. ಅಳತೆಯಲ್ಲಿ

ಕಡಲ್ಕೊರೆತ ತಡೆಯಲು ಕಲ್ಲು ಎಲ್ಲಿ ಹಾಕಬೇಕು, ಯಾವ ಮನೆ ಖಾಲಿ ಮಾಡಿಸಬೇಕು ಎಂಬುದು ಈ ಅಂಕಿಗಳ ಮೇಲೆ ನಿಲ್ಲುತ್ತದೆ. ಅಂಕಿ ತಪ್ಪಿದರೆ ಗೋಡೆ ತಪ್ಪು ಜಾಗದಲ್ಲಿ ಏಳುತ್ತದೆ, ಪಕ್ಕದ ಊರಿನ ಮನೆ ಕಡಲು ಸೇರುತ್ತದೆ.

ಮಾಡಬೇಕಾದ್ದು

- ಬೆಳಿಗ್ಗೆಯೂ ಸಂಜೆಯೂ ಗೊತ್ತಿರುವ ಒಂದೇ ಗುರುತುಕಲ್ಲಿನ ಮೇಲೆ ಉಪಕರಣ ಪರೀಕ್ಷಿಸಿ.
- ಉಪಗ್ರಹ ಸ್ಥಾನವನ್ನು ತಿದ್ದುವ ಆರ್‌ಟಿಕೆ ಉಪಕರಣ ‘ಫಿಕ್ಸ್’ ತೋರಿಸುವಾಗ ಬಂದ ಬಿಂದುಗಳನ್ನೇ ಇಟ್ಟುಕೊಳ್ಳಿ.
- ಓರೆ ತಿದ್ದುಪಡಿ ಹಾಕಿ. 4 ಮೀಟರ್ ಕಂಬ 10 ಡಿಗ್ರಿ ವಾಲಿದರೆ ಬಿಂದು ಸುಮಾರು 70 ಸೆಂಟಿಮೀಟರ್ ಪಕ್ಕಕ್ಕೆ, 6 ಸೆಂಟಿಮೀಟರ್ ಕೆಳಕ್ಕೆ ಹೋಗುತ್ತದೆ.
- ಚೈನ್ ಮೆತ್ತನೆ ಕೆಸರಿನಲ್ಲಿ ಹೂತ ಜಾಗಗಳನ್ನು ಗುರುತು ಹಾಕಿ.
- ಪ್ರತಿ ಗೆರೆಯನ್ನು ಒಣ ಮರಳಿನಿಂದ ಶುರುಮಾಡಿ, ದಂಡೆಯ ಅಳತೆಯೂ ನೀರಿನ ಅಳತೆಯೂ ಒಂದರ ಮೇಲೊಂದು ಬರುವಂತೆ ಮಾಡಿ.
- ಉದ್ದ ಗೆರೆಗಳನ್ನು ಕತ್ತರಿಸುವ ಅಡ್ಡಗೆರೆಗಳನ್ನೂ ಓಡಿಸಿ, ಎರಡರ ಅಂತರ ನೋಡಿ.
- ಮಳೆಗಾಲದ ಮುನ್ನ ಅಳೆದ ಗೆರೆಯನ್ನೇ ಮಳೆಗಾಲದ ನಂತರವೂ ಅಳೆಯಿರಿ.
- ಎತ್ತರ ಯಾವ ಮೂಲದಿಂದ ಅಳೆದದ್ದೆಂದು ಪ್ರತಿ ಹಾಳೆಯ ಮೇಲೆ ಬರೆಯಿರಿ.
- ಅಂದಿನ ದತ್ತಾಂಶವನ್ನು ಅಂದೇ ಎರಡು ಕಡೆ ಉಳಿಸಿ.
- ನಕ್ಷೆಯ ಒಂದು ಪ್ರತಿಯನ್ನು ಆ ಊರಿನ ಪಂಚಾಯಿತಿಗೂ ಮೀನುಗಾರರ ಸಂಘಕ್ಕೂ ಕೊಡಿ.

ಮಾಡಬಾರದ್ದು

- ಉಪಗ್ರಹ ಕೊಟ್ಟ ಎತ್ತರವನ್ನು ಸಮುದ್ರಮಟ್ಟದ ಎತ್ತರವೆಂದು ಬರೆಯಬಾರದು. ನಮ್ಮ ಕರಾವಳಿಯಲ್ಲಿ ಎರಡರ ಅಂತರ 70 ಮೀಟರ್‌ಗಿಂತ ಹೆಚ್ಚು.
- ನೌಕಾನಕ್ಷೆಯ ಆಳದ ಮೂಲವನ್ನೂ ಸರಾಸರಿ ಸಮುದ್ರಮಟ್ಟವನ್ನೂ ಬೆರೆಸಬಾರದು.
- ಅಳೆಯದ ಜಾಗವನ್ನು ಅಂದಾಜಿನಿಂದ ತುಂಬುವುದು ಬೇಡ. ಖಾಲಿ ಬಿಡಿ.
- ಕೆಟ್ಟ ಬಿಂದುಗಳನ್ನು ಗುಟ್ಟಾಗಿ ಅಳಿಸಬಾರದು. ಗುರುತು ಹಾಕಿ, ಕಾರಣ ಬರೆಯಿರಿ.
- ಒಂದು ದಿನದ ಅಳತೆಯಿಂದ ‘ಈ ತಡಿ ಕೊರೆಯುತ್ತಿದೆ’ ಎಂದು ತೀರ್ಪು ಕೊಡುವುದು ಬೇಡ. ಮುಂಗಾರಿನಲ್ಲಿ ಹೋದ ಮರಳಿನ ಬಹುಪಾಲು ಬೇಸಿಗೆಯ ಹೊತ್ತಿಗೆ ಮರಳಿ ಬರಬಹುದು.
- ಯಾರ ಒತ್ತಡಕ್ಕೂ ಅಂಕಿ ಬದಲಿಸಬಾರದು.

ತುರ್ತು ಕರೆ

- ಎಲ್ಲ ತುರ್ತಿಗೆ: 112
- ಕಡಲಲ್ಲಿ ಸಿಕ್ಕವರ ರಕ್ಷಣೆಗೆ ಕೋಸ್ಟ್ ಗಾರ್ಡ್: 1554
- ಕರಾವಳಿ ಕಾವಲು ಪೊಲೀಸ್: 1093

ಕರೆ ಮಾಡಿದಾಗ ಊರು, ತಡಿಯ ಹೆಸರು, ಅಕ್ಷಾಂಶ-ರೇಖಾಂಶ, ಎಷ್ಟು ಜನ ಅಪಾಯದಲ್ಲಿದ್ದಾರೆ ಎಂಬುದನ್ನು ಇದೇ ಕ್ರಮದಲ್ಲಿ ಹೇಳಿ. ಅವರು ಇಡಿ ಎನ್ನುವವರೆಗೆ ಫೋನ್ ಇಡುವುದು ಬೇಡ. ಈ ಹಾಳೆಯನ್ನು ಯಂತ್ರದ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಿ. ಓದಿ ಸಹಿ ಹಾಕದವರ ಕೈಗೆ ರಿಮೋಟ್ ಕೊಡಬಾರದು.